ಹಿತ್ತಿಲ ಕೋಳಿಯೂ ಮನೆಯ ಮಿತವ್ಯಯವೂ



ಕರಾವಳಿಯ ಹಿತ್ತಿಲಲ್ಲಿ ಊರಕೋಳಿಗೆ ಮೇವು ಕೊಳ್ಳಬೇಕಾದುದು ವಿರಳ. ನುಚ್ಚು, ತೌಡು, ಗೊಬ್ಬರಗುಂಡಿಯ ಹುಳುಗಳೇ ಬಹುಮಟ್ಟಿಗೆ ಸಾಲುತ್ತವೆ. ಮೊಟ್ಟೆಯ ಸಿಪ್ಪೆಯನ್ನು ಒಣಗಿಸಿ ಪುಡಿಮಾಡಿ ಹಾಕಿದರೆ ಹೊಸ ಮೊಟ್ಟೆಗೆ ಬೇಕಾದ ಸುಣ್ಣದಂಶವೂ ದೊರೆಯುವುದು. ಹಿಕ್ಕೆಯನ್ನು ಮಾತ್ರ ಹಸಿಯಾಗಿ ಸುರಿಯದೆ ತರಗೆಲೆಯೊಡನೆ ಕೊಳೆಯಿಸಿ ತೆಂಗಿನ ಬುಡಕ್ಕೆ ಹಾಕಬೇಕು.

ಆದರೆ ಒಂದು ಖರ್ಚನ್ನು ಉಳಿಸುವುದು ಮಿತವ್ಯಯವಲ್ಲ. ಹೇಂಟೆಯು 21 ದಿನ ಕಾವು ಕುಳಿತು ಹೊರತಂದ ಮರಿಗಳನ್ನು ರಾಣಿಖೇತ್ ರೋಗವು ಕೆಲವೇ ದಿನಗಳಲ್ಲಿ ಒಯ್ಯಬಲ್ಲುದು. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಮೊಟ್ಟೆ ಮಾರಿದ ಹಣವು ಅನೇಕ ಗೃಹಿಣಿಯರ ಪಾಲಿಗೆ, ಯಾರನ್ನೂ ಕೇಳದೆ ವೆಚ್ಚಮಾಡಬಹುದಾದ ಏಕೈಕ ಹಣ (ಗಂಡಸರು ಇದನ್ನು ಗಮನಿಸಲಿ). ಮೊದಲ ವಾರದಲ್ಲೇ ಮರಿಗಳಿಗೆ ಲಸಿಕೆಯ ಹನಿ ಹಾಕಿಸಬೇಕು. ಬುಡ್ಡಿಯೊಂದರಲ್ಲಿ ಸಾಮಾನ್ಯವಾಗಿ ನೂರು ಕೋಳಿಗಳಿಗಾದರೂ ಸಾಲುವಷ್ಟು ಮದ್ದಿದ್ದು, ಕಲಸಿದ ಬಳಿಕ ಬೇಗನೆ ಕೆಡುತ್ತದೆ. ಐದು ಮರಿಗಳಿಗಾಗಿ ಒಬ್ಬರೇ ಅದನ್ನು ಕೊಳ್ಳುವುದು ದುಂದು. ನೆರೆಯ ಹತ್ತು ಮನೆಯವರು ಕೂಡಿ, ಒಂದೇ ದಿನ ಪಶುವೈದ್ಯರನ್ನು ಕರೆಸಿಕೊಳ್ಳುವುದು ಉಚಿತ.