ಬೋರ್ ಹೊಡೆಸುವ ಮುನ್ನ ತಾರಸಿ ಅಳೆಯಿರಿ

ಮಲಪ್ರಭೆಯ ಅಣೆಕಟ್ಟು ಸವದತ್ತಿಯ ನವಿಲುತೀರ್ಥದಲ್ಲೇ ಇದೆ. ಆದರೂ ಬೇಸಿಗೆ ಬಂತೆಂದರೆ ಬೈಲಹೊಂಗಲ, ರಾಮದುರ್ಗದ ಕಡೆಯ ಸಣ್ಣ ಕಾಲೇಜಿನವರು ನನ್ನನ್ನು ಕೇಳುವುದು, 'ಇನ್ನೊಂದು ಬೋರ್ ಎಲ್ಲಿ ಹೊಡೆಸೋಣ, ಸರ್?' ನಾನು ಮರಳಿ ಕೇಳುವುದು, ತಾರಸಿ ಎಷ್ಟಿದೆ? 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. 1,000 ಚದರ ಮೀಟರ್ ತಾರಸಿಗೆ ವರ್ಷಕ್ಕೆ 500 ಮಿ.ಮೀ. ಹಿಡಿದು, ಐದನೇ ಒಂದು ಪಾಲು ಕಳೆದರೂ 4 ಲಕ್ಷ ಲೀಟರ್!

ಆದರೆ ನಮ್ಮದು ಎರೆ ನೆಲ. ಬರೀ ಗುಂಡಿ ತೋಡಿದರೆ ನೀರು ಇಂಗದೆ ನಿಲ್ಲುತ್ತದೆ, ಸೊಳ್ಳೆ ಹುಟ್ಟುತ್ತವೆ. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಮರಳು ಜಲ್ಲಿಯಲ್ಲಿ ಸೋಸಿ ತೊಟ್ಟಿ ತುಂಬಿಸಿ. ಹೆಚ್ಚಾದದ್ದನ್ನು ಬತ್ತಿದ ಬೋರಿಗೆ ಇಳಿಸಬಹುದು. ಸೋಸದೆ ಇಳಿಸಿದರೆ ಅಂತರ್ಜಲವೇ ಕೆಡುತ್ತದೆ.

ಉದ್ಘಾಟನೆಯ ಕಲ್ಲಿಗೆ ಹೆಸರು ಕೊಡುವವರು ಬಹಳ. ಮೇ ತಿಂಗಳಲ್ಲಿ ತಾರಸಿ ಗುಡಿಸಿ, ಮರಳು ತೊಳೆಯುವ ಕಾಯಕ ಯಾರದು? ಜವಾನನೊಬ್ಬನ ಮೇಲೆ ಹಾಕಬೇಡಿ. ಪ್ರಾಚಾರ್ಯರೂ ಪೊರಕೆ ಹಿಡಿಯಲಿ.