ಬೀಳುವುದನ್ನು ಮೊದಲು ಕಲಿಸೋಣ



ಇಲ್ಲೇ ಓದಿದ ನಾನು ಈಗ ನಮ್ಮ ಶಾಲೆಯ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುತ್ತಿದ್ದೇನೆ. ಕಾಯಬೇಕಾದ ಗೋಲಿನ ಅಗಲ 7.32 ಮೀಟರ್. ಎತ್ತರದ ಚೆಂಡಿಗೆ ಮಕ್ಕಳು ಖುಷಿಯಿಂದ ಹಾರುತ್ತಾರೆ. ನೆಲಕ್ಕಂಟಿ ಬಂದರೆ ಹಿಂಜರಿಯುತ್ತಾರೆ. ಹೆದರಿಕೆ ಚೆಂಡಿನದಲ್ಲ, ನೆಲದ್ದು. ಅದಕ್ಕೇ ಮೊದಲು ಕೂತಲ್ಲಿಂದಲೇ ಪಕ್ಕಕ್ಕೆ ಬೀಳಿಸುತ್ತೇನೆ, ಆಮೇಲೆ ಮಂಡಿಯೂರಿ, ಆಮೇಲೆ ಕುಕ್ಕರುಗಾಲಿನಲ್ಲಿ. ನಿಂತು ಬೀಳುವುದು ಕೊನೆಗೆ. ಮೀನಖಂಡ, ತೊಡೆ, ಸೊಂಟ, ಭುಜ ಒಂದರ ಹಿಂದೊಂದು ನೆಲ ಮುಟ್ಟಬೇಕು. ಮೊಣಕೈ ಊರಿದರೆ ಕೆಟ್ಟಿತು. ಕೆಳಗಿನ ಕೈ ಚೆಂಡಿನ ಹಿಂದೆ, ಇನ್ನೊಂದು ಅದರ ಮೇಲೆ.

ಇಷ್ಟೆಲ್ಲ ನಮ್ಮ ಗರಸು ಮೈದಾನದಲ್ಲಿ! ಎಂಟನೇ ತರಗತಿಯ ಹುಡುಗಿಯೊಬ್ಬಳು ಸೊಂಟಕ್ಕೆ ಗೋಣಿಚೀಲ ಸುತ್ತಿಕೊಂಡು ಬರುತ್ತಾಳೆ. ಸುವರ್ಣ ಮಹೋತ್ಸವದ ಕಮಾನು ಆಮೇಲಾಗಲಿ. ಗೋಲಿನ ಪಕ್ಕ ಗುಂಡಿ ತೋಡಿ ಎರಡು ಟ್ರ್ಯಾಕ್ಟರ್ ಮರಳು ಹಾಕಿಸಿಕೊಡಿ.