ಕುದುರೆಮುಖ ರಾಷ್ಟ್ರೀಯ ಉದ್ಯಾನ: ಪ್ರವಾಸಿಗರ ನಡವಳಿಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಸೇರಿ ಹರಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಇಲ್ಲಿನ ಗಂಗಾಮೂಲದ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಕಬ್ಬಿಣದ ಅದಿರಿನ ಗಣಿಗಾರಿಕೆಯ ವಿರುದ್ಧ ನಡೆದ ದೀರ್ಘ ಹೋರಾಟ, 2002ರ ಸುಪ್ರೀಂ ಕೋರ್ಟ್ ತೀರ್ಪು, 2005ರ ಕೊನೆಗೆ ಗಣಿ ನಿಂತದ್ದು, ಇವೆಲ್ಲ ಹಿರಿಯ ಸದಸ್ಯರ ನೆನಪಿನಲ್ಲಿರುವ ಸಂಗತಿಗಳೇ. ಗಣಿಯ ಲಾರಿಗಳು ಹೋದ ಮೇಲೆ ಪ್ರವಾಸಿಗರ ಜೀಪುಗಳು ಹೆಚ್ಚಿದವು. ಗಣಿಯ ಹೂಳಿಗೂ ಚಾರಣಿಗನ ಹೆಜ್ಜೆಗೂ ಹೋಲಿಕೆಯಿಲ್ಲ. ಹಾಗೆ ಹೋಲಿಸುವುದು ಅನ್ಯಾಯವಾದೀತು. ಆದರೆ ಮಣ್ಣು ಕೊಚ್ಚಿಹೋಗುವುದು ಅದೇ ಭದ್ರೆಗೆ.

ಇಲ್ಲಿನ ಬೆಟ್ಟದ ಸ್ವರೂಪವನ್ನು ಮೊದಲು ಗಮನಿಸಬೇಕು. ಇಳಿಜಾರಿನಲ್ಲಿ ಹುಲ್ಲುಗಾವಲು, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ದಟ್ಟವಾದ ಶೋಲಾ ಕಾಡು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ, ಶೋಲಾ ನೀರನ್ನು ಇಂಗಿಸಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿಯೂ ಹಳ್ಳದಲ್ಲಿ ನೀರು ಉಳಿಯುವುದು ಇದರಿಂದ. ಮಲೆನಾಡಿನ ಎಷ್ಟೋ ಮನೆಗಳಿಗೆ ಮೋಟಾರಿಲ್ಲದೆ, ಬೆಟ್ಟದ ಝರಿಗೆ ಹಾಕಿದ ಪೈಪಿನ ಮೂಲಕ ನೀರು ತಾನಾಗಿಯೇ ಹರಿದು ಬರುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ ಬರುತ್ತಿದ್ದದ್ದು ಈಗ ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಆದುದರಿಂದ ಪ್ರವಾಸಿಗನು ಮೇಲೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಕೆಳಗಿನ ಮನೆಯ ಹಂಡೆಗೆ ಸಂಬಂಧಿಸಿದ ವಿಷಯವಾಗಿದೆ.

1,894 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಹಾದಿಯಲ್ಲಿ ಕೆಸರು ಕಂಡೊಡನೆ ಬೂಟು ಕೊಳೆಯಾಗಬಾರದೆಂದು ಬದಿಯ ಹುಲ್ಲಿನ ಮೇಲೆ ಕಾಲಿಡುವುದು ಮನುಷ್ಯ ಸಹಜ. ಒಬ್ಬನು ಹಾಗೆ ಮಾಡಿದರೆ ಏನೂ ಆಗದು. ನೂರಾರು ಜನ ಮಾಡಿದಾಗ ಹುಲ್ಲು ಸಾಯುತ್ತದೆ, ಒಂದಡಿಯ ಕಾಲುದಾರಿ ನಾಲ್ಕಡಿಯಾಗುತ್ತದೆ; ತಿರುವನ್ನು ತಪ್ಪಿಸಿ ನೇರವಾಗಿ ಇಳಿದ ಅಡ್ಡದಾರಿ ಮುಂದಿನ ಮಳೆಗೆ ಚರಂಡಿಯಾಗುತ್ತದೆ. ಇಂಗಬೇಕಾದ ನೀರು ಮಣ್ಣನ್ನೂ ಹೊತ್ತು ಓಡುತ್ತದೆ. ಒಮ್ಮೆ ಬೋಳಾದ ಕಡಿದಾದ ಇಳಿಜಾರಿನಲ್ಲಿ ಹುಲ್ಲು ಮತ್ತೆ ಹಿಡಿಯುವುದು ಸುಲಭವಲ್ಲ. ಕೆಸರಿದ್ದರೂ ಹಾದಿಯ ನಡುವೆಯೇ, ಒಬ್ಬರ ಹಿಂದೆ ಒಬ್ಬರು ನಡೆಯಬೇಕೆಂಬುದು ಬೆಟ್ಟದ ಮೊದಲ ನಿಯಮ. ಎಲ್ಲ ಫಲಕಗಳಲ್ಲೂ ಕಸದ ಮಾತಿರುತ್ತದೆ. ಕಾಲಿನ ಮಾತನ್ನು ಬರೆಯುವವರು ವಿರಳ.

ಇನ್ನು ಶೌಚದ ವಿಷಯ. ಸಭೆಗಳಲ್ಲಿ ಇದನ್ನು ಪ್ರಸ್ತಾಪಿಸಲು ಸಂಕೋಚಪಡುವುದುಂಟು. ಆದರೆ ಇಡೀ ದಿನ ಬೆಟ್ಟದಲ್ಲಿ ಕಳೆಯುವ ಗುಂಪುಗಳು ನೀರಿನ ಸೌಕರ್ಯಕ್ಕಾಗಿ ಹಳ್ಳದ ಬದಿಯನ್ನೇ ಹುಡುಕುತ್ತವೆ. ಹೊರಡುವ ಮುನ್ನ ತಂಗುವ ಮನೆಯಲ್ಲಿಯೋ ಹಾದಿಯ ಆರಂಭದಲ್ಲಿಯೋ ಶೌಚ ಮುಗಿಸುವುದು, ಅನಿವಾರ್ಯವಾದಲ್ಲಿ ಹರಿವ ನೀರಿನಿಂದ ಕನಿಷ್ಠ ನೂರು ಹೆಜ್ಜೆ ದೂರದಲ್ಲಿ ಗುಂಡಿ ತೋಡಿ ಮುಚ್ಚುವುದು, ಝರಿಯಲ್ಲಿ ಸೋಪು ಬಳಸದಿರುವುದು, ಇವನ್ನು ನಾಚಿಕೆಯಿಲ್ಲದೆ ಹೇಳಲೇಬೇಕು. ಆ ನೀರನ್ನು ಕುಡಿಯುವ ಮನೆಯವರೇ ಹೇಳಿದರೆ ಅತಿಥಿಗಳಿಗೆ ಬೇಗ ಮನವರಿಕೆಯಾಗುತ್ತದೆ.

ಸಿಂಗಳೀಕವು ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಪ್ರಾಣಿ. ಕುದುರೆಮುಖವು ಅದರ ಮುಖ್ಯ ನೆಲೆಗಳಲ್ಲಿ ಒಂದು. ಮರದ ತುದಿಯಲ್ಲಿಯೇ ಬದುಕುವ, ನೆಲಕ್ಕೆ ಅಪರೂಪವಾಗಿ ಇಳಿಯುವ ಇದಕ್ಕೆ ಚಿಪ್ಸ್ ಅಥವಾ ಬಾಳೆಹಣ್ಣು ಎಸೆಯುವುದು ದಯೆಯ ಕೆಲಸವಲ್ಲ. ಎಸೆದ ತಿಂಡಿಯ ರುಚಿ ಹತ್ತಿದ ಮಂಗ ರಸ್ತೆಗಿಳಿದು ವಾಹನಕ್ಕೆ ಸಿಕ್ಕುತ್ತದೆ. ಉಪ್ಪು ಹತ್ತಿದ ಪ್ಲಾಸ್ಟಿಕ್ ಪೊಟ್ಟಣವನ್ನು ಕಡವೆ ಮತ್ತು ಊರಿನ ದನಗಳು ನುಂಗುತ್ತವೆ.

ಬೆಂಕಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜನವರಿಯ ನಂತರ ಒಣಗಿದ ಹುಲ್ಲಿಗೆ ಒಂದು ಸಿಗರೇಟು ಸಾಕು. ಆ ಬೆಂಕಿಯನ್ನು ಆರಿಸಲು ಹಸಿ ಸೊಪ್ಪು ಹಿಡಿದು ಓಡುವವರು ಅರಣ್ಯ ಇಲಾಖೆಯ ಕಾವಲುಗಾರರು ಮತ್ತು ಊರಿನ ಹುಡುಗರು; ಸಿಗರೇಟು ಎಸೆದವನು ಅಷ್ಟು ಹೊತ್ತಿಗೆ ಘಟ್ಟ ಇಳಿದಿರುತ್ತಾನೆ.

ಕಾನೂನು ಸ್ಪಷ್ಟವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ಎಲ್ಲವೂ ನಿಷಿದ್ಧ. 2024ರಲ್ಲಿ ಅರಣ್ಯ ಇಲಾಖೆಯು ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಿ, ಒಂದು ಹಾದಿಗೆ ದಿನಕ್ಕೆ ಗರಿಷ್ಠ 300 ಜನರೆಂಬ ಮಿತಿಯನ್ನು ವಿಧಿಸಿತು. ಹಾದಿಯ ಮೇಲ್ವಿಚಾರಣೆ ಇಲಾಖೆಯ ಕೆಲಸ. ಪಂಚಾಯತಿ ಅದರಲ್ಲಿ ಕೈಹಾಕಬೇಕಾಗಿಲ್ಲ.

ಹಾಗಾದರೆ ಪಂಚಾಯತಿಯ ಹೊಣೆ ಎಲ್ಲಿ? ಚಾರಣಿಗನು ತನಿಖಾ ಠಾಣೆಗೆ ಬರುವ ಮೊದಲು ಹಿಂದಿನ ಸಂಜೆ ಊರಿನ ಹೋಂಸ್ಟೇಯಲ್ಲಿ ತಂಗುತ್ತಾನೆ, ಊರಿನ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುತ್ತಾನೆ, ಊರಿನವರ ಜೀಪು ಹತ್ತುತ್ತಾನೆ, ಊರಿನ ಯುವಕನನ್ನು ಮಾರ್ಗದರ್ಶಿಯಾಗಿ ಪಡೆಯುತ್ತಾನೆ. ಅವನು ಮರುದಿನ ಹೇಗೆ ವರ್ತಿಸುತ್ತಾನೆ ಎಂಬುದು ಬಹುಮಟ್ಟಿಗೆ ಈ ನಾಲ್ಕು ಕಡೆಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಶಿಖರದ ತುದಿಯಲ್ಲಿ ನೆಟ್ಟ ಫಲಕವನ್ನು ಓದುವ ಹೊತ್ತಿಗೆ ಪೊಟ್ಟಣ ಹರಿದಾಗಿರುತ್ತದೆ. ರಾತ್ರಿಯ ಊಟ ಬಡಿಸುವಾಗ ಮನೆಯ ಯಜಮಾನಿ ಹೇಳುವ ಎರಡು ಮಾತಿಗೆ ಆ ಫಲಕಕ್ಕಿಲ್ಲದ ಬಲವಿದೆ. ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಟ್ಟು, ಸಂಜೆ ಡಬ್ಬಿ ಹಿಂತಿರುಗಿಸಬೇಕೆಂದು ಹೇಳಿದ ಮನೆಯಿಂದ ಒಂದು ಪ್ಲಾಸ್ಟಿಕ್ ತಟ್ಟೆಯೂ ಬೆಟ್ಟ ಏರುವುದಿಲ್ಲ.

ಅಂಗಡಿ ಮತ್ತು ಹೋಟೆಲುಗಳಿಗೆ ಪರವಾನಗಿ ನೀಡುವುದು ಗ್ರಾಮ ಪಂಚಾಯತಿ. ಪರವಾನಗಿ ನವೀಕರಣದ ಸಂದರ್ಭದಲ್ಲಿ, ನಿಷೇಧಿತ ಪ್ಲಾಸ್ಟಿಕ್ ಮಾರುವುದಿಲ್ಲವೆಂಬ ಮುಚ್ಚಳಿಕೆಯನ್ನು ಪಡೆಯಲು ಯಾವ ಹೊಸ ಆದೇಶವನ್ನೂ ಕಾಯಬೇಕಾಗಿಲ್ಲ. ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ನಿಷೇಧ 2022ರ ಜುಲೈ 1ರಿಂದಲೇ ದೇಶಾದ್ಯಂತ ಜಾರಿಯಲ್ಲಿದೆ. ಸ್ವಚ್ಛ ವಾಹಿನಿಯು ವಾರದ ನಡುವೆ ಬರುವುದಾದರೆ ಶನಿವಾರ, ಭಾನುವಾರಗಳ ಕಸ ಎರಡು ಮೂರು ದಿನ ಚೀಲದಲ್ಲಿಯೇ ಉಳಿದು ನಾಯಿ, ಹಂದಿಗಳ ಪಾಲಾಗುತ್ತದೆ. ವಾಹನ ಸೋಮವಾರ ಬೆಳಿಗ್ಗೆ ಬರುವಂತೆ ಸರದಿಯನ್ನು ಬದಲಿಸುವುದು ಸಣ್ಣ ಕೆಲಸ. ಇದಕ್ಕೆ ಅನುದಾನವೂ ಬೇಡ.

ಇದರಲ್ಲಿ ಒಂದು ಕಹಿಯೂ ಇದೆ, ಅದನ್ನು ಮರೆಮಾಚುವುದು ಸಲ್ಲದು. ಉದ್ಯಾನದ ಒಳಗೂ ಅಂಚಿನಲ್ಲೂ ವಾಸಿಸುವ ಕುಟುಂಬಗಳು ರಸ್ತೆಗೆ, ವಿದ್ಯುತ್ತಿಗೆ, ಸೌದೆಗೆ, ಸೊಪ್ಪಿಗೆ ವರ್ಷಗಳಿಂದ ಕಾನೂನಿನ ಬಿಗಿಯನ್ನು ಅನುಭವಿಸಿವೆ. ಒಂದು ಹೊರೆ ದರಗು ತರಲು ಹೆದರುವ ಮನೆಯವನು, ದೂರದೂರಿನ ಗುಂಪು ಸ್ಪೀಕರ್ ಹಚ್ಚಿ ಕುಣಿಯುವುದನ್ನು ಕಂಡಾಗ ಕಾನೂನು ತನಗೆ ಮಾತ್ರವೇ ಎಂದು ಕೇಳುತ್ತಾನೆ. ಆ ಪ್ರಶ್ನೆ ನ್ಯಾಯವಾದದ್ದು. ಪ್ರವಾಸಿಗನಿಂದ ಶಿಸ್ತನ್ನು ಅಪೇಕ್ಷಿಸುವುದರಿಂದ ಆದಾಯ ಕುಸಿದೀತೆಂಬ ಆತಂಕವೂ ಅಷ್ಟೇ ನಿಜವಾದದ್ದು. ಜೀಪಿನ ಸಾಲದ ಕಂತು ಕಟ್ಟುವವರಿಗೆ ಅದು ಬರಿಯ ಮಾತಲ್ಲ. ಆದರೆ ದಿನದ ಮಿತಿ ನಿಗದಿಯಾಗಿರುವಾಗ ಒಂದು ಮನೆ ನಿಯಮ ಸಡಿಲಿಸಿದ ಮಾತ್ರಕ್ಕೆ ಬೆಟ್ಟಕ್ಕೆ ಹೆಚ್ಚು ಜನ ಬರುವುದಿಲ್ಲ. ಅತಿಥಿಗಳು ಪಕ್ಕದ ಮನೆಯಿಂದ ಈ ಮನೆಗೆ ಬಂದಾರು, ಅಷ್ಟೇ. ಈ ಕಾರಣದಿಂದ ನಿಯಮವು ಒಬ್ಬೊಬ್ಬರದಾಗದೆ ಊರಿನದಾಗಬೇಕು, ಗ್ರಾಮಸಭೆಯಲ್ಲಿ ಎಲ್ಲರ ಎದುರು ಒಪ್ಪಿತವಾಗಬೇಕು.

ಉದ್ಯಾನದ ಅಂಚಿನ ಪಂಚಾಯತಿಗಳು ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಹೋಂಸ್ಟೇ ನಡೆಸುವವರನ್ನೂ ಜೀಪು ಚಾಲಕರನ್ನೂ ಮಾರ್ಗದರ್ಶಿಗಳನ್ನೂ ಮಹಿಳಾ ಒಕ್ಕೂಟದ ಪದಾಧಿಕಾರಿಗಳನ್ನೂ ವಲಯ ಅರಣ್ಯಾಧಿಕಾರಿಗಳನ್ನೂ ಆಹ್ವಾನಿಸುವುದು ಸೂಕ್ತ. ಅತಿಥಿಗಳಿಗೆ ಹಿಂದಿನ ಸಂಜೆ ಹೇಳಬೇಕಾದ ಮಾತುಗಳನ್ನು ಆ ಸಭೆಯೇ ಕನ್ನಡದಲ್ಲಿ ಸಿದ್ಧಪಡಿಸಲಿ. ಬರುವವರಲ್ಲಿ ಬೆಂಗಳೂರಿನ ಅನ್ಯಭಾಷಿಕರೂ ಬಹಳವಾದ್ದರಿಂದ ಅವನ್ನು ಇಂಗ್ಲಿಷಿಗೂ ಹಿಂದಿಗೂ ಮಾಡಿಸಿ, ಒಂದೇ ಹಾಳೆಯಲ್ಲಿ ಮುದ್ರಿಸಿ, ಮಳೆಗಾಲದ ಚಾರಣ ಆರಂಭವಾಗುವ ಮೊದಲು ಪ್ರತಿ ತಂಗುಮನೆಯ ಊಟದ ಮೇಜಿಗೆ ತಲುಪಿಸಬೇಕು.